ಡ್ಯಾಜಲ್ ಹಡಗುಗಳ ಬಗ್ಗೆ ಮಕ್ಕಳಿಗೆ ಚಿತ್ರಪುಸ್ತಕ ಮಾಡ್ಬೇಕಾ? ಶುರುವಿಂದ ಪ್ರಿಂಟ್‌ವರೆಗೆ ಇಲ್ಲಿದೆ

ಮೈತುಂಬ ಓರೆಕೋರೆ ಪಟ್ಟೆ ಬಳ್ಕೊಂಡ ಹಳೇ ಹಡಗುಗಳ ಫೋಟೋ ನೋಡಿದವ್ರೆಲ್ಲ ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಇದ್ರ ಮೇಲೆ ಮಕ್ಕಳಿಗೊಂದು ಚಿತ್ರಪುಸ್ತಕ ಮಾಡ್ಬೋದಲ್ವಾ, ಎಲ್ಲಿಂದ ಶುರು ಮಾಡೋದು, ಯಾವ ಬಣ್ಣ ಹಾಕೋದು, ಯುದ್ಧ ಅಂದ್ಮೇಲೆ ಸಾವುನೋವು ಇರತ್ತೆ ಅದನ್ನ ಒಂಬತ್ತು ವರ್ಷದ ಮಗುಗೆ ಹೇಗೆ ಹೇಳೋದು ಅಂತ. ಟೀಚರ್‌ಗಳೂ ಕೇಳ್ತಾರೆ, ಚಿತ್ರ ಬರೆಯೋರೂ ಕೇಳ್ತಾರೆ, ಪ್ರತಿಸಲ ಚೂರುಚೂರು ಉತ್ತರ ಕೊಡೋ ಬದ್ಲು ಒಂದೇ ಕಡೆ ಬರೆದಿಡ್ತಿದೀನಿ.

ವಿಷಯ ಹೊಸದು ಅನ್ನೋರಿಗೆ: ಮೊದಲನೇ ಮಹಾಯುದ್ಧದಲ್ಲಿ, 1917ರಿಂದ, ಬ್ರಿಟನ್ ತನ್ನ ಹಡಗುಗಳಿಗೆ, ಅದ್ರಲ್ಲೂ ಸರಕು ಸಾಗಿಸೋ ಹಡಗುಗಳಿಗೆ, ಪಟ್ಟೆ, ಚೂಪು ತ್ರಿಕೋನ, ಬಳುಕು ಗೆರೆ ಎಲ್ಲ ಸೇರಿಸಿ ಬಣ್ಣ ಬಳೀತು, ಜರ್ಮನ್ ಸಬ್‌ಮರೀನ್‌ಗಳನ್ನ ಯಾಮಾರಿಸೋಕೆ. ಇದಕ್ಕೆ ಡ್ಯಾಜಲ್ ಅಂತ ಹೆಸ್ರು. ಕ್ಯಾಮಫ್ಲಾಜ್, ಅಂದ್ರೆ ಶತ್ರು ಕಣ್ಣಿಗೆ ಮೋಸ ಮಾಡೋ ವೇಷ, ಅದ್ರಲ್ಲೇ ಇದೊಂದು ವಿಚಿತ್ರ ಜಾತಿ.

ಬೇಕಾಗೋ ಸಾಮಾನು ಜಾಸ್ತಿ ಏನಿಲ್ಲ. ಒಂದು ನೋಟ್‌ಬುಕ್ಕು, ಎಂಟು ಎ4 ಹಾಳೆ (ಮಡಚಿ 32 ಪುಟದ ಡಮ್ಮಿ, ಅಂದ್ರೆ ಮಾದರಿ ಪುಸ್ತಕ, ಮಾಡೋಕೆ), ಖಾಲಿ ಟೂತ್‌ಪೇಸ್ಟ್ ಡಬ್ಬ ಎರಡು, ಬಣ್ಣ, ಕೋನಮಾಪಕ, ಇಂಟರ್ನೆಟ್ಟು. ಮತ್ತೆ ಸುಳ್ಳು ಹೇಳದೆ "ಬೋರ್ ಆಯ್ತು" ಅನ್ನೋ ಒಂದಿಬ್ರು ಮಕ್ಕಳು.

1. ಮೊದ್ಲು ನೀವು ಅರ್ಥ ಮಾಡ್ಕೊಳ್ಳಿ

ಮುಕ್ಕಾಲುಪಾಲು ಜನ ಎಡವೋದು ಇಲ್ಲೇ. "ಹಡಗು ಕಾಣದ ಹಾಗೆ ಬಣ್ಣ ಬಳಿದ್ರು" ಅಂತ ಮೊದಲನೇ ಪುಟದಲ್ಲೇ ಬರೆದುಬಿಡ್ತಾರೆ, ಅಲ್ಲಿಗೆ ಪುಸ್ತಕ ಮುಗೀತು, ಯಾಕಂದ್ರೆ ಮಗು ಚಿತ್ರ ನೋಡಿ ತಕ್ಷಣ ಕೇಳತ್ತೆ, ಇಷ್ಟು ಎದ್ದು ಕಾಣ್ತಿದೆಯಲ್ಲ ಅಂತ. ಮಗು ಕೇಳೋದು ಸರಿಯಾಗೇ ಇದೆ. ಸಮುದ್ರದಲ್ಲಿ ಬೆಳಕು, ಆಕಾಶ ಗಳಿಗೆಗೊಂದು ಥರ ಬದಲಾಗತ್ತೆ, ಮೇಲಿಂದ ಚಿಮಣಿ ಹೊಗೆ ಬೇರೆ, ಹಡಗನ್ನ ಅಡಗಿಸೋದು ಆಗದ ಕೆಲಸ. ಹಾಗಾಗಿ ಕಾಣ್ಲಿ ಬಿಡು, ಆದ್ರೆ ಎತ್ತ ಹೋಗ್ತಿದೆ, ಎಷ್ಟು ಸ್ಪೀಡಲ್ಲಿದೆ ಅಂತ ಗೊತ್ತಾಗ್ಬಾರ್ದು ಅನ್ನೋದೇ ಐಡಿಯಾ.

ಅದು ಯಾಕೆ ಮುಖ್ಯ ಅಂದ್ರೆ, ಟಾರ್ಪಿಡೊ (ನೀರೊಳಗೆ ತಾನೇ ಓಡಿ ಹೋಗಿ ಸಿಡಿಯೋ ಬಾಂಬು ಅಂತ ಮಕ್ಕಳಿಗೆ ಹೇಳಿ) ಗುಂಡಿನ ಹಾಗೆ ಕ್ಷಣದಲ್ಲಿ ತಲುಪಲ್ಲ. ಲಗೋರಿ ಆಡುವಾಗ ಓಡ್ತಿರೋನಿಗೆ ಚೆಂಡು ಹೊಡೀಬೇಕಂದ್ರೆ ಅವ್ನು ಈಗಿರೋ ಜಾಗಕ್ಕಲ್ಲ, ಇನ್ನೊಂದು ಕ್ಷಣಕ್ಕೆ ಎಲ್ಲಿರ್ತಾನೋ ಅಲ್ಲಿಗೆ ಎಸೀಬೇಕಲ್ಲ, ಹಾಗೇನೇ.

ಲೆಕ್ಕ ಒಂದ್ಸಲ ನೀವೇ ಮಾಡಿ ನೋಡಿ. ನಾಟ್ ಅಂದ್ರೆ ಹಡಗಿನ ವೇಗದ ಅಳತೆ, 1 ನಾಟ್ ಅಂದ್ರೆ ಗಂಟೆಗೆ 1.85 ಕಿ.ಮೀ. ಟಾರ್ಪಿಡೊ 35 ನಾಟ್, ದೂರ 1000 ಮೀಟರ್ ಅಂತ ಇಟ್ಕೊಳ್ಳಿ. ತಲುಪೋಕೆ ಸುಮಾರು 55 ಸೆಕೆಂಡ್ ಬೇಕು. ಅಷ್ಟರಲ್ಲಿ 10 ನಾಟ್‌ನಲ್ಲಿರೋ ಹಡಗು ಸುಮಾರು 285 ಮೀಟರ್ ಮುಂದೆ ಹೋಗಿರತ್ತೆ. ಸಬ್‌ಮರೀನ್ ಕ್ಯಾಪ್ಟನ್ ಅದನ್ನ 8 ನಾಟ್ ಅಂದ್ಕೊಂಡ ಅನ್ನಿ, ಅವ್ನ ಗುರಿ 57 ಮೀಟರ್ ಹಿಂದೆ ಬೀಳತ್ತೆ. ಹಡಗು 120 ಮೀಟರ್ ಉದ್ದ ಇದ್ದು ನಡುವಿಗೇ ಗುರಿ ಇಟ್ಟಿದ್ರೂ ಟಾರ್ಪಿಡೊ ಬಾಲದ ತುದೀಲಿ ಇರತ್ತೆ. ದಿಕ್ಕನ್ನೂ ಸ್ವಲ್ಪ ತಪ್ಪಾಗಿ ಅಂದಾಜು ಮಾಡಿದ್ರೆ ಮುಗೀತು, ಪೂರ್ತಿ ಮಿಸ್ಸು.

ಇನ್ನೊಂದು ಸೂಕ್ಷ್ಮ ಇದೆ, ಬಹಳ ಪುಸ್ತಕಗಳು ಬಿಟ್ಟುಬಿಡ್ತವೆ. ಗುಂಡಿ ಒತ್ತೋ ಗಳಿಗೇಲಿ ಗುರಿ ತಪ್ಪಿಸೋದು ಇದ್ರ ಮೊದಲ ಉದ್ದೇಶ ಆಗಿರ್ಲಿಲ್ಲ. ಸಬ್‌ಮರೀನ್ ನೀರೊಳಗೆ ತುಂಬ ನಿಧಾನ, ಬ್ಯಾಟರಿ ಮೇಲೆ ಓಡತ್ತೆ, ಹಡಗನ್ನ ದೂರದಿಂದ ನೋಡಿ ಮೊದ್ಲೇ ಸರಿಯಾದ ಜಾಗದಲ್ಲಿ ಹೋಗಿ ಕಾಯ್ಬೇಕು. ಆ ಮೊದಲ ನೋಟದಲ್ಲೇ ದಿಕ್ಕು ತಪ್ಪಿಸಿದ್ರೆ ಅದು ತಪ್ಪು ಜಾಗದಲ್ಲಿ ಹೋಗಿ ನಿಲ್ಲತ್ತೆ, ಆಮೇಲೆ ಹಡಗನ್ನ ಅಟ್ಟಿಸ್ಕೊಂಡು ಹೋಗೋಕೆ ಆಗಲ್ಲ. ಇದನ್ನ ಎರಡು ಪುಟದ ಮ್ಯಾಪ್ ಥರ ಮೇಲಿಂದ ನೋಡಿದ ಚಿತ್ರದಲ್ಲಿ ತೋರಿಸಿ, ಪದ ಕಡಿಮೆ ಸಾಕು.

2. ವಯಸ್ಸು, ಒಂದೇ ಪ್ರಶ್ನೆ

8ರಿಂದ 11 ವರ್ಷ ಅಂತ ಇಟ್ಕೊಳ್ಳಿ. ಅದಕ್ಕಿಂತ ಚಿಕ್ಕವ್ರಿಗೆ ಪಟ್ಟೆ ಖುಷಿ ಕೊಡತ್ತೆ, ಟಾರ್ಪಿಡೊ ಲೆಕ್ಕ ಹತ್ತಲ್ಲ. ಪುಸ್ತಕಕ್ಕೆ ಒಂದೇ ಪ್ರಶ್ನೆ ಇರ್ಲಿ: ಎದ್ದು ಕಾಣೋ ಹಡಗು ಬಚಾವಾಗೋದು ಹೇಗೆ? ಪೂರ್ತಿ ಮಹಾಯುದ್ಧದ ಇತಿಹಾಸ, ರಾಜರುಗಳು, ಒಪ್ಪಂದಗಳು ಎಲ್ಲ ತುರುಕಬೇಡಿ, ಅದು ಪಠ್ಯಪುಸ್ತಕ ಆಗಿಬಿಡತ್ತೆ.

3. ವಿಷಯ ಸಂಗ್ರಹ, ಮತ್ತೆ ಅದ್ರಲ್ಲಿರೋ ಗುಂಡಿಗಳು

ಕಥೆಯ ಬೆನ್ನೆಲುಬು ಇಷ್ಟು. 1917ರ ಫೆಬ್ರವರಿ 1ರಿಂದ ಜರ್ಮನಿ ಯಾವ ಎಚ್ಚರಿಕೆನೂ ಕೊಡದೆ ಸರಕು ಹಡಗುಗಳನ್ನ ಮುಳುಗಿಸೋಕೆ ಶುರು ಮಾಡ್ತು. ಆ ಏಪ್ರಿಲ್ ಒಂದೇ ತಿಂಗಳಲ್ಲಿ ಮುಳುಗಿದ್ದು 8 ಲಕ್ಷ ಟನ್‌ಗೂ ಜಾಸ್ತಿ. ಬ್ರಿಟನ್ ದ್ವೀಪ ದೇಶ, ಊಟಕ್ಕೆ ಗೋಧಿ ಕೂಡ ಹಡಗಲ್ಲೇ ಬರ್ಬೇಕು. ಆಗ ನಾರ್ಮನ್ ವಿಲ್ಕಿನ್ಸನ್ ಅಂತ ಸಮುದ್ರದ ಚಿತ್ರ ಬರೆಯೋ ಕಲಾವಿದ, ನೌಕಾಪಡೆಯಲ್ಲಿ ಲೆಫ್ಟಿನೆಂಟ್ ಆಗಿದ್ದೋರು, ಮೀನು ಹಿಡಿಯೋ ರಜೆ ಮುಗಿಸಿ ರೈಲಲ್ಲಿ ವಾಪಸ್ ಬರುವಾಗ ಈ ಐಡಿಯಾ ಹೊಳೀತು ಅಂತ ತಾವೇ ಹೇಳ್ಕೊಂಡಿದಾರೆ. ಮೊದಲು ಟೆಸ್ಟ್ ಮಾಡಿದ್ದು ಇಂಡಸ್ಟ್ರಿ ಅನ್ನೋ ಸರಕು ಹಡಗಿನ ಮೇಲೆ. ಆಮೇಲೆ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಆರ್ಟ್ಸ್ ಒಳಗೇ ಒಂದು ಡ್ಯಾಜಲ್ ವಿಭಾಗ ತೆರೆದ್ರು. ಯುದ್ಧ ಮುಗಿಯೋ ಹೊತ್ತಿಗೆ ಬ್ರಿಟನ್ನಿನ ಸುಮಾರು 4000 ಸರಕು ಹಡಗು, 400ರಷ್ಟು ನೌಕಾಪಡೆ ಹಡಗುಗಳಿಗೆ ಈ ವೇಷ ಆಗಿತ್ತು.

ಈಗ ಗುಂಡಿಗಳು.

ಪಿಕಾಸೊ ಈ ಹಡಗುಗಳನ್ನ ಡಿಸೈನ್ ಮಾಡಿದ ಅಂತ ಅಲ್ಲಲ್ಲಿ ಓದ್ತೀರ. ಇಲ್ಲ. ಪ್ಯಾರಿಸ್ ಬೀದೀಲಿ ಬಣ್ಣ ಬಳಿದ ಫಿರಂಗಿ ನೋಡಿ "ಇದು ನಮ್ದೇ ಕೆಲಸ" ಅನ್ನೋ ಅರ್ಥದಲ್ಲಿ ಅವ್ರು ಹೇಳಿದ್ರು ಅನ್ನೋ ಕಥೆ ಹಡಗಿಗೆ ಬಂದು ಅಂಟ್ಕೊಂಡಿದೆ ಅಷ್ಟೆ. ಆಧುನಿಕ ಕಲಾವಿದ ಬೇಕೇ ಬೇಕು ಅಂದ್ರೆ ಎಡ್ವರ್ಡ್ ವಾಡ್ಸ್‌ವರ್ತ್ ಇದಾರೆ, ಬ್ರಿಸ್ಟಲ್ ಮತ್ತೆ ಲಿವರ್‌ಪೂಲ್ ಬಂದರಲ್ಲಿ ನಿಂತು ಬಣ್ಣ ಬಳಿಸಿದೋರು, 1919ರಲ್ಲಿ ಅದೇ ಹಡಗುಗಳ ದೊಡ್ಡ ಪೇಂಟಿಂಗ್ ಕೂಡ ಮಾಡಿದ್ರು, ಅದೀಗ ಕೆನಡಾದ ಒಟ್ಟಾವಾದಲ್ಲಿದೆ.

"ವಿಲ್ಕಿನ್ಸನ್ ಒಬ್ರೇ ಕಂಡುಹಿಡಿದ್ರು" ಅಂತನೂ ನೇರವಾಗಿ ಬರೀಬೇಡಿ. ಜಾನ್ ಗ್ರಹಾಂ ಕೆರ್ ಅನ್ನೋ ಪ್ರಾಣಿಶಾಸ್ತ್ರಜ್ಞರು 1914ರಲ್ಲೇ ಆಗ ಬ್ರಿಟನ್ನಿನ ನೌಕಾಪಡೆ ಮಂತ್ರಿ ಆಗಿದ್ದ ಚರ್ಚಿಲ್‌ಗೆ ಪತ್ರ ಬರೆದು ಪ್ರಾಣಿಗಳ ಮೈಬಣ್ಣದ ಲೆಕ್ಕಾಚಾರನ ಹಡಗಿಗೆ ಹಾಕಿ ಅಂದಿದ್ರು. ಯುದ್ಧ ಆದ್ಮೇಲೆ ಯಾರದ್ದು ಮೊದಲು ಅಂತ ಜಗಳ ನಡೆದು ತೀರ್ಪು ವಿಲ್ಕಿನ್ಸನ್ ಕಡೆ ಬಂತು. ಜಗಳ ಅಂದ್ರೆ ಮಕ್ಕಳಿಗೆ ಇಷ್ಟ, ಅರ್ಧ ಪುಟ ಕೊಡಿ.

ಜೀಬ್ರಾ ಹೋಲಿಕೆ ಎಲ್ರ ಬಾಯಲ್ಲೂ ಬರತ್ತೆ. ಸಿಂಹಕ್ಕೆ ಕಣ್ಣು ಕೋರೈಸೋಕೇ ಜೀಬ್ರಾಗೆ ಪಟ್ಟೆ ಇದೆ ಅಂತ ಖಚಿತವಾಗಿ ಬರೆದ್ರೆ ತಪ್ಪಾಗತ್ತೆ, ಕಚ್ಚೋ ನೊಣಗಳನ್ನ ದೂರ ಇಡೋಕೆ ಅನ್ನೋದಕ್ಕೆ ಈಗ ಜಾಸ್ತಿ ಪುರಾವೆ ಇದೆ. ಇಡೀ ಹೋಲಿಕೆನೇ ಬಿಟ್ಟುಬಿಡಿ ಅಂತೀನಿ.

ಇನ್ನೊಂದು, ಇದು ಗುಂಡಿ ಅಲ್ಲ, ಹೆಚ್ಚಿನೋರು ಮರೆಯೋ ವಿಷಯ. ಬ್ರಿಟಿಷ್ ಸರಕು ಹಡಗುಗಳಲ್ಲಿ ಸಾವಿರಾರು ಭಾರತೀಯರು ಕೆಲಸ ಮಾಡ್ತಿದ್ರು, ಬಾಯ್ಲರಿಗೆ ಕಲ್ಲಿದ್ದಲು ಸುರಿಯೋದ್ರಿಂದ ಹಿಡಿದು ಡೆಕ್ ಕೆಲಸದವರೆಗೆ. ಲಾಸ್ಕರ್ ಅಂತ ಕರೀತಿದ್ರು. ಆ ಯುದ್ಧದಲ್ಲಿ ಸತ್ತ ಬಂಗಾಳ, ಅಸ್ಸಾಂ ಕಡೆಯ 896 ನಾವಿಕರ ಸ್ಮಾರಕ ಕೋಲ್ಕತ್ತಾದಲ್ಲಿ ಹೂಗ್ಲಿ ನದಿ ದಡದಲ್ಲಿದೆ. ಡೆಕ್ ಮೇಲಿನ ಜನರನ್ನ ಬರೆಯುವಾಗ ಎಲ್ರನ್ನೂ ಬಿಳಿ ಮುಖ ಮಾಡಿಬಿಡಬೇಡಿ ಅಂತ ಹೇಳೋಕೆ ಇದಕ್ಕಿಂತ ಕಾರಣ ಬೇಕಾ.

4. ಪುಟ ಹಂಚೋದು

32 ಪುಟ ಸಾಕು. ಎಂಟು ಹಾಳೆ ಮಡಚಿ ಡಮ್ಮಿ ಮಾಡಿ, ಪೆನ್ಸಿಲಲ್ಲಿ ಯಾವ ಪುಟಕ್ಕೆ ಏನು ಅಂತ ಗೀಚಿ. ಮೊದಲ 4 ಪುಟ ಟೈಟಲ್ಲು, ಕಾಪಿರೈಟ್ ಗಲಾಟೆಗೆ ಹೋಗತ್ತೆ, ಕೊನೆ 4 ಪುಟ ಚಟುವಟಿಕೆ, ಪದಗಳ ಅರ್ಥ. ಉಳಿದ 24 ಪುಟದಲ್ಲಿ ಹನ್ನೊಂದು ಜೋಡಿಪುಟ (ಎದುರುಬದುರು ಇರೋ ಎರಡು ಪುಟ), ಶುರೂಲಿ ಒಂದು, ಕೊನೇಲಿ ಒಂದು ಬಿಡಿ ಪುಟ.

ಪುಸ್ತಕದ ಹೃದಯ ಪೆರಿಸ್ಕೋಪ್ ಪುಟ. ಪೆರಿಸ್ಕೋಪ್ ಅಂದ್ರೆ ನೀರೊಳಗೆ ಇದ್ಕೊಂಡೇ ಮೇಲೆ ನೋಡೋ ಕನ್ನಡಿ ಕೊಳವೆ. ಒಂದು ಕರಿ ಪುಟ, ನಡುವೆ ದುಂಡಗೆ ಒಂದು ಕಿಂಡಿ, ಅದ್ರಲ್ಲಿ ಹಡಗು, ಪಕ್ಕದಲ್ಲಿ "ಎತ್ತ ಹೋಗ್ತಿದೆ ಹೇಳು ನೋಡೋಣ?" ಅಂತ ಒಂದೇ ಸಾಲು. ಪುಟ ತಿರುವಿದ್ರೆ ಉತ್ತರ. ಉತ್ತರ ಅದೇ ಜೋಡಿಪುಟದಲ್ಲಿ ಎದುರಿಗೇ ಇಟ್ರೆ ಮಜಾನೇ ಹೋಯ್ತು, ಹಾಗಾಗಿ ಪ್ರಶ್ನೆ ಯಾವಾಗ್ಲೂ ಬಲಗಡೆ ಪುಟದಲ್ಲಿ ಬರೋ ಹಾಗೆ ಹಂಚ್ಕೊಳ್ಳಿ. ಇದ್ರ ಜೊತೆಗೆ ಐದನೇ ಜಾರ್ಜ್ ರಾಜನ ಪ್ರಸಂಗ ಹೇಳ್ಬೋದು, ನೌಕಾಪಡೆಯಲ್ಲಿ ಪಳಗಿದ ಮನುಷ್ಯ, ಡ್ಯಾಜಲ್ ವಿಭಾಗಕ್ಕೆ ಬಂದು ಮಾಡೆಲ್ ನೋಡಿ ಎತ್ತ ಹೋಗ್ತಿದೆ ಅಂತ ತಪ್ಪಾಗಿ ಹೇಳಿದ್ರು ಅಂತ ವಿಲ್ಕಿನ್ಸನ್ ಬರೆದಿದಾರೆ. ರಾಜನೇ ಫೇಲ್ ಆದ ಪರೀಕ್ಷೆ ಅಂದ್ರೆ ಯಾವ ಮಗು ಬಿಡತ್ತೆ.

5. ಚಿತ್ರ: ಇಲ್ಲಿ ನಿಧಾನ ಮಾಡಿ

ಬಣ್ಣ. ಸಿಗೋ ಫೋಟೋಗಳೆಲ್ಲ ಕಪ್ಪುಬಿಳುಪು, ಅದಕ್ಕೇ ಎಲ್ರೂ ಹಡಗನ್ನೂ ಕಪ್ಪುಬಿಳುಪು ಮಾಡಿಬಿಡ್ತಾರೆ. ನಿಜವಾದ ಹಡಗುಗಳಲ್ಲಿ ಕಪ್ಪು, ಬಿಳಿ ಜೊತೆ ನೀಲಿ, ಹಸಿರು, ಬೂದು ಬಣ್ಣದ ಹಲವು ಛಾಯೆ ಇರ್ತಿತ್ತು. ಉಲ್ಟಾ ತಪ್ಪೂ ಇದೆ, ಈಗಿನ ಕಲಾವಿದರು ಶತಮಾನದ ನೆನಪಿಗೆ ಅಂತ 2014ರಿಂದ ಬಣ್ಣ ಬಳಿದ ಹಡಗುಗಳಿವೆ, ಲಿವರ್‌ಪೂಲಲ್ಲಿ ಎಡ್ಮಂಡ್ ಗಾರ್ಡನರ್ ಅನ್ನೋ ಹಡಗು, ಮರ್ಸಿ ನದಿಯ ಸ್ನೋಡ್ರಾಪ್ ಅನ್ನೋ ಫೆರಿ, ಇವುಗಳ ಫೋಟೋ ಬಣ್ಣಬಣ್ಣವಾಗಿ ಮೊದಲು ಸಿಗತ್ತೆ. ಅದನ್ನ ನೋಡಿ 1918ರ ಹಡಗಿಗೆ ಕೆಂಪು ಹಳದಿ ಹಾಕಬೇಡಿ. ನಂಬಬೇಕಾದ್ದು ಆ ಕಾಲದ ಪ್ಲಾನ್‌ಗಳನ್ನ ಮತ್ತೆ ಮಾಡೆಲ್‌ಗಳನ್ನ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿ ಬಣ್ಣ ಬಳಿದ ಮರದ ಮಾಡೆಲ್‌ಗಳಿವೆ, ಅಮೆರಿಕದ ರೋಡ್ ಐಲ್ಯಾಂಡ್ ಸ್ಕೂಲ್ ಆಫ್ ಡಿಸೈನ್ ಲೈಬ್ರರೀಲಿ ಅಮೆರಿಕದ ಹಡಗುಗಳ 450ರಷ್ಟು ಬಣ್ಣದ ಪ್ಲಾನ್ ಇವೆ.

ಎರಡು ಮಗ್ಗುಲು. ಇದನ್ನ ದಪ್ಪಕ್ಷರದಲ್ಲಿ ಬರೆದು ಟೇಬಲ್ ಎದುರು ಅಂಟಿಸ್ಕೊಳ್ಳಿ: ಹಡಗಿನ ಎಡಮಗ್ಗುಲ ಡಿಸೈನ್ ಬೇರೆ, ಬಲಮಗ್ಗುಲದ್ದು ಬೇರೆ. ಬೇಕಂತಲೇ ಹಾಗೆ ಮಾಡ್ತಿದ್ರು. ಒಂದು ಮಗ್ಗುಲು ಬರೆದು ಕಂಪ್ಯೂಟರಲ್ಲಿ ತಿರುಗಿಸಿ ಇನ್ನೊಂದು ಪುಟಕ್ಕೆ ಹಾಕಿದ್ರೆ ಗೊತ್ತಿರೋರು ಒಂದೇ ನೋಟದಲ್ಲಿ ಹಿಡೀತಾರೆ. ಒಂದು ಹಡಗಿನ ಡಿಸೈನನ್ನ ಸಾರಾಸಗಟಾಗಿ ಎಲ್ಲಾ ಹಡಗಿಗೂ ಬಳೀತಿರ್ಲಿಲ್ಲ, ಡಿಸೈನ್ ನೋಡಿ ಯಾವ ನಮೂನೆ ಹಡಗು ಅಂತ ಶತ್ರು ಗುರುತು ಹಿಡೀಬಾರ್ದಲ್ಲ.

ಪಟ್ಟೆ ಎಲ್ಲಿ, ಯಾಕೆ. ಸುಮ್ನೆ ಕೈಗೆ ಬಂದ ಹಾಗೆ ಪಟ್ಟೆ ಎಳೆದ್ರೆ ಡ್ಯಾಜಲ್ ಆಗಲ್ಲ. ಸಬ್‌ಮರೀನಿಂದ ನೋಡೋನು ಮೊದಲು ಹಡಗಿನ ಮೂತಿ ಹುಡುಕ್ತಾನೆ, ಹಾಗಾಗಿ ಮೂತಿ ಹತ್ರ ಗಾಢ ಮತ್ತೆ ತೆಳು ಬಣ್ಣದ ದಪ್ಪ ಪಟ್ಟೆಗಳು ಅಂಚನ್ನ ಮುರಿಯೋ ಹಾಗೆ ಬರ್ತವೆ, ಕೆಲವು ಕಡೆ ಮೂತಿಯಿಂದ ಏಳೋ ನೊರೆಯ ಹಾಗೆ ಕಾಣೋ ಸುಳ್ಳು ಅಲೆನೂ ಬರೀತಿದ್ರು. ಚಿಮಣಿ ಮತ್ತೆ ಮೇಲಿನ ಕಟ್ಟಡಕ್ಕೂ ಓರೆ ಪಟ್ಟೆ ಮುಂದುವರೀತಿತ್ತು, ನೆಟ್ಟಗಿನ ಗೆರೆ ಸಿಕ್ಕಿದ್ರೆ ನೋಡೋನಿಗೆ ಕೋನ ಲೆಕ್ಕ ಹಾಕೋಕೆ ಸುಲಭ ಆಗ್ತಿತ್ತು. ಬರೆದ್ಮೇಲೆ ಚಿತ್ರನ ಹೆಬ್ಬೆರಳಿನ ಗಾತ್ರಕ್ಕೆ ಚಿಕ್ಕದು ಮಾಡಿ ನೋಡಿ. ಆಗ್ಲೂ ಮೂತಿ ಥಟ್ ಅಂತ ಗೊತ್ತಾಗ್ತಿದ್ರೆ ಪಟ್ಟೆ ಬದಲಾಯಿಸಿ.

ಕೆಲಸದ ಕೋಣೆ. ಒಂದು ಜೋಡಿಪುಟ ರಾಯಲ್ ಅಕಾಡೆಮಿ ಒಳಗಿನ ಸ್ಟುಡಿಯೊಗೆ ಇಡಿ. ಪುಟ್ಟ ಮರದ ಹಡಗಿಗೆ ಡಿಸೈನ್ ಬಳಿದು ಸುತ್ತೋ ಮೇಜಿನ ಮೇಲಿಟ್ಟು, ಹಿಂದೆ ಬೇರೆಬೇರೆ ಆಕಾಶದ ಪರದೆ ಬದಲಾಯಿಸ್ತಾ, ಪೆರಿಸ್ಕೋಪಿಂದ ನೋಡಿ ದಿಕ್ಕು ತಪ್ಪತ್ತಾ ಅಂತ ಪರೀಕ್ಷೆ ಮಾಡ್ತಿದ್ರು. ಪಾಸಾದ ಡಿಸೈನು ದೊಡ್ಡ ಕಾಗದಕ್ಕೆ ಏರಿ ಬಂದರಿಗೆ ಹೋಗ್ತಿತ್ತು, ಅಲ್ಲಿ ಪೇಂಟರ್‌ಗಳು ಹಡಗಿಗೆ ಬಳೀತಿದ್ರು. ಕಾಗದಕ್ಕೆ ಬಣ್ಣ ತುಂಬ್ತಿದ್ದೋರಲ್ಲಿ ಕಲಾಶಾಲೆಗಳ ಹೆಣ್ಮಕ್ಕಳು ತುಂಬ ಜನ. ಅಮೆರಿಕದಲ್ಲಂತೂ 1918ರ ಜುಲೈನಲ್ಲಿ ನ್ಯೂಯಾರ್ಕಿನ ಯೂನಿಯನ್ ಸ್ಕ್ವೇರಲ್ಲಿ, ಊರ ಮಧ್ಯ ಕಟ್ಟಿದ್ದ ರಿಕ್ರೂಟ್ ಅನ್ನೋ ಮರದ ಯುದ್ಧನೌಕೆಗೆ ಮಹಿಳೆಯರೇ ಡ್ಯಾಜಲ್ ಬಳಿದ್ರು. ಹೆಣ್ಣು ಪಾತ್ರ ಎಲ್ಲಿಂದ ತರೋದು ಅಂತ ತಲೆ ಕೆಡಿಸ್ಕೊಳ್ಳೋರಿಗೆ ಇಲ್ಲೇ ಸಿಕ್ತಲ್ಲ.

ಒಂದು ಹಡಗನ್ನ ಹೀರೋ ಮಾಡ್ಬೇಕಂದ್ರೆ ಒಲಿಂಪಿಕ್ ತಗೊಳ್ಳಿ. ಟೈಟಾನಿಕ್ಕಿನ ಅಕ್ಕ, ಟೈಟಾನಿಕ್ ಗೊತ್ತಿಲ್ದಿರೋ ಮಗು ಇಲ್ಲ. ಸೈನಿಕರನ್ನ ಸಾಗಿಸ್ತಿದ್ದಾಗ ಮೈತುಂಬ ಡ್ಯಾಜಲ್ ಇತ್ತು, 1918ರ ಮೇ 12ಕ್ಕೆ ಯು-103 ಅನ್ನೋ ಜರ್ಮನ್ ಸಬ್‌ಮರೀನಿಗೆ ತಾನೇ ಗುದ್ದಿ ಮುಳುಗಿಸ್ತು.

6. ಬರವಣಿಗೆ

ಜೋಡಿಪುಟಕ್ಕೆ 60ರಿಂದ 80 ಪದ, ಅದಕ್ಕಿಂತ ಜಾಸ್ತಿ ಬೇಡ. "ಜಲಾಂತರ್ಗಾಮಿ" ಒಂದ್ಸಲ ಹೇಳಿ ಆಮೇಲೆ ಸಬ್‌ಮರೀನ್ ಅಂತಲೇ ಬರೀರಿ, ಮಕ್ಕಳು ಹಾಗೇ ಮಾತಾಡೋದು. ಟನ್ ಲೆಕ್ಕ ಮಕ್ಕಳಿಗೆ ಏನೂ ಹೇಳಲ್ಲ, ಬ್ರೆಡ್ಡು, ಸಕ್ಕರೆ ಬರೋದು ನಿಂತ್ರೆ ಏನಾಗತ್ತೆ ಅಂತ ಹೇಳಿ.

ಸಾವಿನ ವಿಷಯ ಮುಚ್ಚಿಡಬೇಡಿ, ಚಿತ್ರದಲ್ಲಿ ರಕ್ತ ತೋರಿಸೋದೂ ಬೇಡ. "ಹಡಗು ಮುಳುಗಿದ್ರೆ ಅದ್ರಲ್ಲಿದ್ದ ಹಲವರು ವಾಪಸ್ ಬರ್ತಿರ್ಲಿಲ್ಲ" ಅಂತ ಒಂದು ಸಾದಾ ವಾಕ್ಯ ಸಾಕು. ಸಬ್‌ಮರೀನಲ್ಲಿದ್ದ ಜರ್ಮನ್ ಹುಡುಗ್ರೂ ಇಪ್ಪತ್ತರ ಆಸುಪಾಸಿನೋರೇ, ಅವ್ರನ್ನ ರಾಕ್ಷಸರ ಹಾಗೆ ಬರೆಯೋ ಚಾಳಿ ದಯವಿಟ್ಟು ಬಿಡಿ. ಬರೆದದ್ದನ್ನ ಜೋರಾಗಿ ಓದಿ, ಉಸಿರು ಕಟ್ಟಿದ ಕಡೆ ವಾಕ್ಯ ಮುರೀರಿ.

7. "ಕೊನೆಗೆ ಇದು ಕೆಲಸ ಮಾಡ್ತಾ?"

ಈ ಪುಟ ಇಲ್ದೆ ಪುಸ್ತಕ ಮುಗಿಸಬೇಡಿ, ಅದ್ರಲ್ಲಿ ಸುಳ್ಳೂ ಹೇಳಬೇಡಿ. "ಡ್ಯಾಜಲ್ ಸಾವಿರಾರು ಹಡಗು ಉಳಿಸ್ತು" ಅಂತ ಬರೆಯೋಕೆ ಆಸೆ ಆಗತ್ತೆ. ಆದ್ರೆ 1917ರ ಮೇ ತಿಂಗಳಿಂದ್ಲೇ ಬ್ರಿಟನ್ ಕಾನ್ವಾಯ್ ಪದ್ಧತಿನೂ ಶುರು ಮಾಡಿತ್ತು, ಅಂದ್ರೆ ಹಡಗುಗಳನ್ನ ಗುಂಪು ಮಾಡಿ ಕಾವಲು ನೌಕೆಗಳ ಜೊತೆ ಕಳಿಸೋದು. ಮುಳುಗೋದು ಕಮ್ಮಿ ಆಯ್ತು ನಿಜ, ಅದ್ರಲ್ಲಿ ಬಣ್ಣದ ಪಾಲೆಷ್ಟು ಕಾವಲಿನ ಪಾಲೆಷ್ಟು ಅಂತ ಬಿಡಿಸೋಕೆ ಆಗ್ಲಿಲ್ಲ. 1918ರಲ್ಲಿ ಬ್ರಿಟಿಷ್ ನೌಕಾಪಡೆಯದೇ ಸಮಿತಿ ಲೆಕ್ಕ ನೋಡಿ, ಬಣ್ಣದಿಂದ ಲಾಭ ಆಯ್ತು ಅಂತ ಸಾಬೀತು ಮಾಡೋಕೆ ಆಗಲ್ಲ, ಆದ್ರೂ ನಾವಿಕರಿಗೆ ಧೈರ್ಯ ಬರತ್ತೆ, ಮುಂದುವರಿಸಿ ಅಂತು.

ವಿಜ್ಞಾನಿಗಳು ಇನ್ನೂ ಬಿಟ್ಟಿಲ್ಲ. 2011ರಲ್ಲಿ ಬ್ರಿಸ್ಟಲ್ ಯೂನಿವರ್ಸಿಟಿಯವ್ರು ಕಂಪ್ಯೂಟರ್ ಪರದೆ ಮೇಲೆ ಪಟ್ಟೆಗಳನ್ನ ಓಡಿಸಿ ಪರೀಕ್ಷೆ ಮಾಡಿದಾಗ, ತುಂಬ ವೇಗದಲ್ಲಿ ಓಡೋವಾಗ ಕೆಲವು ಗಾಢ ಡಿಸೈನ್‌ಗಳು ಸುಮಾರು 7% ನಿಧಾನ ಅನ್ನಿಸಿದ್ವು. ಹಡಗುಗಳು ಅಷ್ಟು ವೇಗವಾಗಿ ಹೋಗಲ್ಲ ಅನ್ನೋದೇ ತೊಡಕು. 2025ರಲ್ಲಿ ಆಸ್ಟನ್ ಯೂನಿವರ್ಸಿಟಿಯವ್ರು, ಅಮೆರಿಕದ ಎಂಐಟಿ ಅನ್ನೋ ತಂತ್ರಜ್ಞಾನ ಸಂಸ್ಥೆಯಲ್ಲಿ 1919ರಲ್ಲಿ ಲಿಯೊ ಬ್ಲಾಜೆಟ್ ಅನ್ನೋ ವಿದ್ಯಾರ್ಥಿ ಮಾಡಿದ್ದ ಪ್ರಯೋಗನ ಮತ್ತೆ ಲೆಕ್ಕ ಹಾಕಿ, ದೂರದ ಹಡಗು ಪಟ್ಟೆ ಇರ್ಲಿ ಬಿಡ್ಲಿ ದಿಗಂತದ ಗೆರೆ ಹಿಡಿದು ಹೋಗ್ತಿರೋ ಹಾಗೆ ಕಾಣೋದೇ ದಿಕ್ಕು ತಪ್ಪಾಗಿ ಕಾಣೋಕೆ ದೊಡ್ಡ ಕಾರಣ, ಡ್ಯಾಜಲ್‌ದು ಅದಕ್ಕಿಂತ ಚಿಕ್ಕ ಪಾಲು ಅಂದ್ರು. ದೊಡ್ಡೋರೇ ಇನ್ನೂ ವಾದ ಮಾಡ್ತಿರೋ ವಿಷಯ ಅಂತ ಗೊತ್ತಾದ್ರೆ ಮಕ್ಕಳ ಕಿವಿ ನೆಟ್ಟಗಾಗತ್ತೆ.

8. ಚಟುವಟಿಕೆ ಪುಟ

ಬಣ್ಣ ತುಂಬೋ ಚಿತ್ರ ಎಲ್ರೂ ಕೊಡ್ತಾರೆ, ನೀವು ಪ್ರಯೋಗ ಕೊಡಿ. ಎರಡು ಟೂತ್‌ಪೇಸ್ಟ್ ಡಬ್ಬ, ಒಂದಕ್ಕೆ ಪೂರ್ತಿ ಬೂದು ಬಣ್ಣ, ಇನ್ನೊಂದಕ್ಕೆ ಡ್ಯಾಜಲ್. ಎರಡಕ್ಕೂ ಮೂತಿ ಚೂಪು ಮಾಡಿ, ಒಂದೊಂದು ಕಾಗದದ ಚಿಮಣಿ ಅಂಟಿಸಿ. ಒಂದು ಮಗು ಡಬ್ಬನ ಮೇಜಿನ ಮೇಲೆ ಯಾವ್ದೋ ಕೋನಕ್ಕೆ ತಿರುಗಿಸಿಡ್ಲಿ, ಇನ್ನೊಂದು ಮಗು 3 ಮೀಟರ್ ದೂರದಿಂದ ಕಾಗದದ ಕೊಳವೇಲಿ ಒಂದೇ ಕಣ್ಣಲ್ಲಿ 5 ಸೆಕೆಂಡ್ ನೋಡಿ ಎತ್ತ ತಿರುಗಿದೆ ಅಂತ ಗೆರೆ ಎಳೀಲಿ. ಆಮೇಲೆ ಕೋನಮಾಪಕದಲ್ಲಿ ಅಳೆದು ವ್ಯತ್ಯಾಸ ಬರ್ಕೊಳ್ಳಿ. 20 ಸೆಂ.ಮೀ. ಡಬ್ಬನ 120 ಮೀಟರ್ ಹಡಗು ಅಂದ್ಕೊಂಡ್ರೆ 3 ಮೀಟರ್ ಅಂದ್ರೆ ನಿಜದಲ್ಲಿ 1800 ಮೀಟರ್ ಆಗತ್ತೆ.

ಎಚ್ಚರಿಕೆ: ಕಣ್ಣಿನ ಮಟ್ಟ ಮೇಜಿನ ಮಟ್ಟಕ್ಕೇ ಇರ್ಬೇಕು, ನಿಂತ್ಕೊಂಡು ಮೇಲಿಂದ ನೋಡಿದ್ರೆ ಕೋನ ಸಲೀಸಾಗಿ ಗೊತ್ತಾಗಿ ಆಟ ಕೆಡತ್ತೆ. ರಟ್ಟಲ್ಲಿ ಕತ್ತರಿಸಿದ ಚಪ್ಪಟೆ ಹಡಗೂ ಬೇಡ. "ಡ್ಯಾಜಲ್ ಡಬ್ಬನೇ ಗೆಲ್ಲತ್ತೆ" ಅಂತ ಪುಸ್ತಕದಲ್ಲಿ ಮೊದ್ಲೇ ಉತ್ತರ ಅಚ್ಚು ಹಾಕ್ಬೇಡಿ, ಗೆಲ್ಲದೇ ಇರ್ಬೋದು.

9. ಹಕ್ಕುಗಳು

ಹಳೇದೆಲ್ಲ ಫ್ರೀ ಅಂದ್ಕೋಬೇಡಿ. ನಮ್ಮಲ್ಲಿ ಪೇಂಟಿಂಗಿನ ಕಾಪಿರೈಟ್ ಕಲಾವಿದ ತೀರಿಕೊಂಡ್ಮೇಲೆ 60 ವರ್ಷ, ಬ್ರಿಟನ್ನಲ್ಲಿ 70. ವಾಡ್ಸ್‌ವರ್ತ್ 1949ರಲ್ಲಿ ತೀರಿಕೊಂಡ್ರು, ಎರಡೂ ಕಡೆ ಅವಧಿ ಮುಗಿದಿದೆ. ವಿಲ್ಕಿನ್ಸನ್ ಹೋಗಿದ್ದು 1971ರಲ್ಲಿ, ಅವ್ರ ಪೇಂಟಿಂಗ್‌ಗಳನ್ನ ಹಾಗೇ ಎತ್ತಿ ಹಾಕೋ ಹಾಗಿಲ್ಲ. ಅಮೆರಿಕದ ನೌಕಾಪಡೆ ತೆಗೆದ ಅಧಿಕೃತ ಫೋಟೋಗಳು ಪಬ್ಲಿಕ್ ಡೊಮೇನ್, ಅಂದ್ರೆ ಯಾರು ಬೇಕಾದ್ರೂ ಬಳಸ್ಬೋದು. ಮ್ಯೂಸಿಯಂ ಸೈಟಿನ ಸ್ಕ್ಯಾನ್ ಆದ್ರೆ ಆ ಪುಟದ ಕೆಳಗಿನ ಲೈಸೆನ್ಸ್ ಓದಿ, ಅನುಮಾನ ಬಂದ್ರೆ ಮೇಲ್ ಹಾಕಿ ಕೇಳಿ. ನೋಡ್ಕೊಂಡು ನಿಮ್ದೇ ಚಿತ್ರ ಬರೆದ್ರೆ ತಲೆನೋವೇ ಕಮ್ಮಿ. ದುಡ್ಡಿನ ಆಸೆ ಇಲ್ಲ, ಓದಿದ್ರೆ ಸಾಕು ಅನ್ನೋರು ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ಮಕ್ಕಳ ಕಥೆಗಳ ವೆಬ್‌ಸೈಟಲ್ಲಿ ಮುಕ್ತ ಲೈಸೆನ್ಸಲ್ಲಿ ಹಾಕ್ಬೋದು, ಆದ್ರೆ ಅಲ್ಲಿ ಹಾಕಿದ್ಮೇಲೆ ಬೇರೆಯವ್ರೂ ಅನುವಾದ ಮಾಡಿ ಬಳಸ್ತಾರೆ, ಆಮೇಲೆ ಬೇಜಾರು ಮಾಡ್ಕೊಳ್ಳೋ ಹಾಗಿಲ್ಲ.

10. ಡಿಟಿಪಿ, ಪ್ರಿಂಟ್

ಟೈಪಿಂಗ್ ಯೂನಿಕೋಡಲ್ಲೇ ಮಾಡಿ. ಹಳೇ ನುಡಿ, ಬರಹ ಫಾಂಟ್ ಫೈಲ್ ಕನ್ವರ್ಟ್ ಮಾಡುವಾಗ ಒತ್ತಕ್ಷರ, ಅರ್ಕಾವತ್ತು ಎಗರಿ ಹೋಗತ್ತೆ, ಈ ಪುಸ್ತಕದಲ್ಲಿ "ಟಾರ್ಪಿಡೊ" ಪುಟಪುಟಕ್ಕೂ ಬರತ್ತೆ ನೆನಪಿರ್ಲಿ. ಇನ್‌ಡಿಸೈನ್ (ಪುಟ ಜೋಡಿಸೋ ಸಾಫ್ಟ್‌ವೇರ್) ಬಳಸೋರು ಅದ್ರಲ್ಲಿರೋ ವರ್ಲ್ಡ್-ರೆಡಿ ಕಂಪೋಸರ್ ಆನ್ ಮಾಡ್ದೇ ಇದ್ರೆ ಅಕ್ಷರ ಒಡೆದು ಕೂರತ್ತೆ.

ಚಿತ್ರ 300 ಡಿಪಿಐ (ಇಂಚಿಗೆ 300 ಚುಕ್ಕಿ), ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವಾಗ ಹೋಗೋ ಅಂಚು). ಜೋಡಿಪುಟದ ಚಿತ್ರದಲ್ಲಿ ಹಡಗಿನ ಮೂತಿ ಮಧ್ಯದ ಮಡಿಕೆಯೊಳಗೆ ಹೂತು ಹೋಗ್ದಿರೋ ಹಾಗೆ ಜಾಗ ಬಿಡಿ, 32 ಪುಟಕ್ಕೆ ಸೆಂಟರ್ ಪಿನ್ ಸಾಕು. ಬೂದು, ನೀಲಿಬೂದು ಛಾಯೆಗಳು ಕಂಪ್ಯೂಟರ್ ಪರದೆ ಮೇಲೆ ಬೇರೆಬೇರೆ ಕಂಡು ಕಾಗದದ ಮೇಲೆ ಒಂದೇ ಆಗಿಬಿಡ್ತವೆ, ಪೆರಿಸ್ಕೋಪ್ ಪುಟದ ಕಲರ್ ಪ್ರೂಫ್ (ಅಚ್ಚಿಗೆ ಮೊದ್ಲು ತೆಗೆಯೋ ಬಣ್ಣದ ಮಾದರಿ ಪ್ರತಿ) ಒಂದನ್ನಾದ್ರೂ ತೆಗೆಸಿ ನೋಡದೆ ಓಕೆ ಹೇಳಬೇಡಿ. ಪ್ರೂಫ್ ಕೈಗೆ ಬಂದಾಗ ಇನ್ನೊಂದು ಕೆಲಸ, ಪೇಜ್ ಮಾಡೋರು ಹಡಗು ಅಕ್ಷರದ ಕಡೆ ಮುಖ ಮಾಡ್ಲಿ ಅಂತ ಚಿತ್ರನ ಸದ್ದಿಲ್ದೆ ತಿರುಗಿಸಿಬಿಡ್ತಾರೆ, ಎಡಮಗ್ಗುಲ ಡಿಸೈನ್ ಬಲಕ್ಕೆ ಬಂದು ಕೂತಿರತ್ತೆ. ನಿಮ್ಮ ಮೂಲ ಚಿತ್ರಗಳನ್ನ ಪಕ್ಕದಲ್ಲಿಟ್ಕೊಂಡು ಒಂದೊಂದೇ ಹೋಲಿಸಿ, ಆಮೇಲೆ ಸಹಿ ಹಾಕಿ.